ಸುಮ್ಮನಿದ್ದರೂ ಸವೆಯುವ ಸೀಸದ ಪೆಟ್ಟಿಗೆ

ಬೆಳಗಾವಿ ನಗರದ ದಕ್ಷಿಣಕ್ಕಿರುವ ಖಾಸಬಾಗ ನೇಕಾರರ ನೆಲೆ ಎಂದು ಹೆಸರಾದ ಭಾಗ. ‘ಖಾಸ್’ ಎಂದರೆ ಸ್ವಂತದ್ದು, ‘ಬಾಗ್’ ಎಂದರೆ ತೋಟ. ತೋಟ ಹೆಸರಿನಲ್ಲಷ್ಟೇ ಉಳಿದಿದೆ. ಇಂದು ಅಲ್ಲಿ ಕಿವಿಗೆ ಬೀಳುವುದು ಮಗ್ಗದ ಸದ್ದು. ಆದರೆ ಖಾಸಬಾಗ, ಶಹಾಪುರ, ವಡಗಾವಿಗಳ ಓಣಿಗಳನ್ನು ದಾಟಿದರೆ ಸಾಕು, ಬಳ್ಳಾರಿ ನಾಲೆಯ ಆಚೀಚೆ ಭತ್ತದ ಗದ್ದೆಗಳು ಕಾಣುತ್ತವೆ. ಊರಿನ ಅಂಚಿನ ಈ ಪ್ರದೇಶದಿಂದ ಖಾನಾಪುರದವರೆಗೂ ಮಳೆಗಾಲದಲ್ಲಿ ಒಂದು ನೋಟ ಸಾಮಾನ್ಯ. ತಗಡಿನ ಮಾಡಿನ ಕೆಳಗೆ ಅಥವಾ ತಾಡಪತ್ರಿ ಹೊದ್ದು ನಿಂತ ಟ್ರ್ಯಾಕ್ಟರು. ಅದರ ಹಿಂದೆ, ಇಲ್ಲವೆ ಪಕ್ಕದಲ್ಲಿ ಮೂತಿ ನೆಲಕ್ಕೆ ಊರಿದ ಟ್ರೇಲರು.

ಕಬ್ಬು ನುರಿಸುವ ಹಂಗಾಮು ಮುಗಿದಿರುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ ಖಾನಾಪುರದ ಇಟ್ಟಿಗೆ ಭಟ್ಟಿಗಳೂ ಆರುತ್ತವೆ. ಗದ್ದೆಯ ಕೆಲಸ ಸಿಗುವ ಕೆಲವನ್ನು ಬಿಟ್ಟರೆ, ಮಾಲು ಸಾಗಿಸುವುದನ್ನೇ ನಂಬಿದ ವಾಹನಗಳಿಗೆ ಮೂರು-ನಾಲ್ಕು ತಿಂಗಳು ಬಿಡುವು. ದಸರೆಯಲ್ಲಿ ಖಂಡೇ ಪೂಜೆಗೆಂದು ತೊಳೆದು, ವಿಭೂತಿ-ಕುಂಕುಮ ಹಚ್ಚಿ, ಕೀಲಿ ತಿರುಗಿಸಿದಾಗ ಇಂಜಿನ್ ಮಾತಾಡುವುದಿಲ್ಲ. ಒಂದೆರಡು ಬಾರಿ ‘ಖಟ್ ಖಟ್’ ಎಂದು ಸುಮ್ಮನಾಗುತ್ತದೆ. ‘ಬ್ಯಾಟರಿ ಡೌನ್ ಆಗಿದೆ’ ಎಂದು ನಾಲ್ಕು ಜನ ಸೇರಿ ತಳ್ಳುತ್ತಾರೆ.

ಬಳಸದೆ ಇಟ್ಟ ಬ್ಯಾಟರಿ ಕೆಟ್ಟದ್ದೇಕೆ ಎಂಬ ಪ್ರಶ್ನೆ ಆಗ ಏಳುತ್ತದೆ. ನಾಲ್ಕು ತಿಂಗಳು ಅದರಿಂದ ಒಂದು ದೀಪವನ್ನೂ ಹಚ್ಚಿರುವುದಿಲ್ಲ. ಹರವಿಯಲ್ಲಿ ತುಂಬಿಟ್ಟ ನೀರಿನಂತೆ ಕರೆಂಟು ಅಲ್ಲೇ ಇರಬೇಕಲ್ಲವೆ? ಇರುವುದಿಲ್ಲ. ಬ್ಯಾಟರಿ ಎಂಬುದು ಹರವಿಯಲ್ಲ. ಈ ಸಂಗತಿಯನ್ನು ಅರಿಯಲು ಜಗತ್ತು ದಶಕಗಳನ್ನೇ ತೆಗೆದುಕೊಂಡಿತು. ರೈಲ್ವೆಯವರು, ದೂರವಾಣಿಯವರು ಅದನ್ನು ಬೇಗ ಕಲಿತರು. ರೈತನ ಕೊಟ್ಟಿಗೆಗೆ ಆ ತಿಳಿವಳಿಕೆ ಇನ್ನೂ ಪೂರ್ತಿಯಾಗಿ ಬಂದಿಲ್ಲ.

ಪ್ಲಾಂಟೆಯ ಸುರುಳಿ

ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಸತು ಮತ್ತು ತಾಮ್ರದಂಥ ಎರಡು ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಉಪ್ಪುನೀರಲ್ಲಿ ನೆನೆಸಿದ ತುಂಡುಗಳನ್ನಿಟ್ಟು ವಿದ್ಯುತ್ ಪಡೆದ ಸುದ್ದಿಯನ್ನು 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಅದು ಮೊದಲ ಬ್ಯಾಟರಿ. ಆದರೆ ಒಳಗಿನ ಲೋಹ ಕರಗಿದರೆ ಅದರ ಕಥೆ ಮುಗಿಯಿತು. ಇಂದಿನ ಟಾರ್ಚಿನ ಸೆಲ್ಲಿನಂತೆ, ತೀರಿದ ಮೇಲೆ ಎಸೆಯುವುದೊಂದೇ ದಾರಿ.

ತೀರಿದ್ದನ್ನು ಮತ್ತೆ ತುಂಬುವ ಬ್ಯಾಟರಿ ಬಂದದ್ದು 1859ರಲ್ಲಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು, ಒಂದಕ್ಕೊಂದು ತಾಗದಂತೆ ನಡುವೆ ಪಟ್ಟಿಯಿಟ್ಟು, ಚಾಪೆಯಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ. ಅದಕ್ಕೆ ಹೊರಗಿನಿಂದ ವಿದ್ಯುತ್ ಹಾಯಿಸಿದಾಗ ಒಂದು ಹಾಳೆಯ ಮೇಲೆ ಕಂದು ಬಣ್ಣದ ಪದರ ಕಟ್ಟಿತು. ಹೊರಗಿನ ತಂತಿ ತೆಗೆದ ಮೇಲೆ ಸುರುಳಿಯೇ ವಿದ್ಯುತ್ ಕೊಡತೊಡಗಿತು. ಮರುವರ್ಷ, 1860ರಲ್ಲಿ, ಇಂಥ ಒಂಬತ್ತು ಕೋಶಗಳನ್ನು ಜೋಡಿಸಿ ಆತ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟ.

ಆದರೆ ಅದನ್ನು ತುಂಬುವುದು ಯಾವುದರಿಂದ? ಆಗ ಡೈನಮೋ ಇರಲಿಲ್ಲ. ಎಸೆಯುವ ಬ್ಯಾಟರಿಗಳಿಂದಲೇ ಈ ಬ್ಯಾಟರಿಯನ್ನು ತುಂಬಬೇಕಿತ್ತು. ಹಾಳೆಗಳು ಹದಕ್ಕೆ ಬರಲು ತಿಂಗಳುಗಟ್ಟಲೆ ತುಂಬಿ, ಇಳಿಸಿ, ಮತ್ತೆ ತುಂಬಬೇಕಿತ್ತು. 1871ರಲ್ಲಿ ಗ್ರಾಮ್ ಎಂಬಾತನ ಡೈನಮೋ ಬಂದ ಮೇಲೆಯೇ ಪ್ಲಾಂಟೆಯ ಸುರುಳಿಗೆ ಪ್ರಯೋಗಾಲಯದ ಹೊರಗೆ ಬೆಲೆ ಬಂತು. ಹತ್ತು ವರ್ಷಗಳ ತರುವಾಯ, 1881ರ ಹೊತ್ತಿಗೆ, ಅದೇ ಫ್ರಾನ್ಸಿನ ಕಮೀಲ್ ಫೋರ್ ಸೀಸದ ತಗಡಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚಿ, ತಿಂಗಳುಗಳ ಕೆಲಸವನ್ನು ಚುಟುಕಾಗಿಸಿದ. ಆ ವರ್ಷ ಪ್ಯಾರಿಸಿನಲ್ಲಿ ತುಂಬಿದ ಫೋರ್ ಬ್ಯಾಟರಿಗಳ ಒಂದು ಪೆಟ್ಟಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ, ವಿಜ್ಞಾನಿ ವಿಲಿಯಂ ಥಾಮ್ಸನ್ ಅವರ ಬಳಿಗೆ ಪ್ರಯಾಣ ಮಾಡಿತು. ಕರೆಂಟನ್ನು ಪೆಟ್ಟಿಗೆಯಲ್ಲಿಟ್ಟು ದೇಶ ದಾಟಿಸಬಹುದೆಂದು ಪತ್ರಿಕೆಗಳು ಬೆರಗಾದವು.

ನಮ್ಮ ಕಡೆ ಆಗಿನ್ನೂ ಕರೆಂಟಿನ ಮಾತೇ ಇರಲಿಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ ಅಲ್ಲಿಯ ನೂಲಿನ ಗಿರಣಿ ನಡೆಯತೊಡಗಿದ್ದು 1887ರಲ್ಲಿ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ.

ನಿಂತಲ್ಲೇ ನಡೆಯುವ ಕ್ರಿಯೆ

ಪೆಟ್ಟಿಗೆಯ ಬೆರಗಿನ ಹಿಂದೆಯೇ ಅನುಮಾನವೂ ಬಂತು. ತುಂಬಿದ ಬ್ಯಾಟರಿಯನ್ನು ಕೆಲವು ವಾರ ಇಟ್ಟರೆ ಒಳಗಿನ ಶಕ್ತಿ ಕುಗ್ಗಿರುತ್ತಿತ್ತು. ಇಂಗ್ಲೆಂಡಿನ ರಸಾಯನ ವಿಜ್ಞಾನಿಗಳಾದ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ 1882ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಬ್ಯಾಟರಿಗಳ ರಸಾಯನವನ್ನು ಬಿಡಿಸಿಡಲು ತೊಡಗಿದಾಗ, ಮೊದಲ ಕಂತಿನಲ್ಲಿಯೇ ಎತ್ತಿಕೊಂಡದ್ದು ಈ ತೊಂದರೆಯನ್ನು. ತಂತಿ ಜೋಡಿಸದಿದ್ದರೂ ತಗಡಿನ ಮೇಲೆ ತನ್ನಷ್ಟಕ್ಕೆ ಕ್ರಿಯೆ ನಡೆಯುತ್ತಲೇ ಇರುತ್ತದೆ ಎಂದು ಅವರು ತೋರಿಸಿದರು.

ಅವರ ಸಿದ್ಧಾಂತ ಇಂದಿಗೂ ನಿಂತಿದೆ. ತುಂಬಿದ ಬ್ಯಾಟರಿಯಲ್ಲಿ ಒಂದು ತಗಡು ಮೆತ್ತನೆಯ ಸೀಸ, ಇನ್ನೊಂದು ಸೀಸದ ಡೈಆಕ್ಸೈಡು, ನಡುವೆ ಗಂಧಕಾಮ್ಲ. ಕರೆಂಟು ಕೊಡುತ್ತಾ ಹೋದಂತೆ ಆಮ್ಲದೊಳಗಿನ ಸಲ್ಫೇಟು ಎರಡೂ ತಗಡುಗಳಿಗೆ ಅಂಟಿ ಸೀಸದ ಸಲ್ಫೇಟಾಗುತ್ತದೆ. ಉಳಿದ ದ್ರವ ನೀರಾಗುತ್ತದೆ. ಚಾರ್ಜು ಮಾಡುವುದೆಂದರೆ ಈ ಸಲ್ಫೇಟನ್ನು ತಗಡಿನಿಂದ ಬಿಡಿಸಿ ಮತ್ತೆ ದ್ರವಕ್ಕೆ ಕಳಿಸುವುದು. ಬ್ಯಾಟರಿ ಅಂಗಡಿಯವರು ಗಾಜಿನ ಹೈಡ್ರೋಮೀಟರ್ ಅದ್ದಿ ನೋಡುವುದು ಇದನ್ನೇ. ಆಮ್ಲ ಗಟ್ಟಿಯಿದ್ದರೆ ತೇಲುಗೋಲು ಮೇಲೇಳುತ್ತದೆ, ನೀರಾಗಿದ್ದರೆ ಮುಳುಗುತ್ತದೆ.

ಹೊಸದಾಗಿ ಕಟ್ಟಿದ ಸಲ್ಫೇಟು ಹಿಟ್ಟಿನಂತೆ ನುಣುಪು. ಕೂಡಲೇ ಚಾರ್ಜು ಮಾಡಿದರೆ ಸುಲಭವಾಗಿ ಬಿಡುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರುತ್ತ, ಬಿಳಿಯ ಗಟ್ಟಿ ಪದರವಾಗುತ್ತವೆ. ಬಾವಿಯ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಸುಣ್ಣದ ಹೆಕ್ಕಳೆಯಂತೆ ಅದು. ಆ ಪದರದ ಮೂಲಕ ಕರೆಂಟು ಹಾಯುವುದು ಕಷ್ಟ. ಚಾರ್ಜರಿಗೆ ಎಷ್ಟು ಹೊತ್ತು ಹಚ್ಚಿದರೂ ಆ ಭಾಗ ಮರಳಿ ಬರುವುದಿಲ್ಲ. ‘ಸಲ್ಫೇಶನ್’ ಎಂದು ಕಸುಬಿನವರು ಕರೆಯುವ ರೋಗ ಇದೇ. ದಿನವೂ ದುಡಿಯುವ ಬ್ಯಾಟರಿಗೆ ಈ ರೋಗ ಅಷ್ಟಾಗಿ ಬಾಧಿಸದು. ಇಳಿದ ಸ್ಥಿತಿಯಲ್ಲಿ ಸುಮ್ಮನೆ ನಿಂತದ್ದನ್ನು ಅದು ಹಿಡಿಯುತ್ತದೆ. ಬಿಡುವು ಯಂತ್ರದ ಆಯುಷ್ಯ ಹೆಚ್ಚಿಸುತ್ತದೆ ಎಂಬ ಮಾತು ಬ್ಯಾಟರಿಗೆ ಒಪ್ಪುವುದಿಲ್ಲ.

ಇಳಿಯುವ ವೇಗ ಎಲ್ಲ ಬ್ಯಾಟರಿಗೂ ಒಂದೇ ಅಲ್ಲ. ಮೆದುವಾದ ಸೀಸಕ್ಕೆ ಗಟ್ಟಿತನ ಬರಲೆಂದು 1880ರ ದಶಕದಿಂದಲೇ ಜಾಲರಿಯಲ್ಲಿ ಆಂಟಿಮನಿ ಬೆರೆಸುತ್ತಿದ್ದರು. ಅದು ಒಂದು ತಗಡಿನಿಂದ ಬಿಟ್ಟು ಇನ್ನೊಂದಕ್ಕೆ ಹೋಗಿ ಕೂತು, ತಾನೇ ಇಳಿಯುವ ವೇಗವನ್ನು ಹೆಚ್ಚಿಸುತ್ತಿತ್ತು. ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿದ ಇಂದಿನ ಬ್ಯಾಟರಿಗಳು ತಂಪು ಜಾಗದಲ್ಲಿ ತಿಂಗಳಿಗೆ ಸುಮಾರು ಶೇಕಡಾ 3ರಿಂದ 5ರಷ್ಟು ಕಳೆದುಕೊಳ್ಳುತ್ತವೆ. ಆಂಟಿಮನಿಯವು ಇದಕ್ಕಿಂತ ಎಷ್ಟೋ ಹೆಚ್ಚು. ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗಾಗಿ ಹಂಗಾಮು ಮುಗಿದ ಮೇಲೆ ಏಪ್ರಿಲ್-ಮೇ ಬಿಸಿಲಲ್ಲಿ ನಿಂತ ಟ್ರ್ಯಾಕ್ಟರಿನ ಬ್ಯಾಟರಿಗೆ ಮಳೆಗಾಲಕ್ಕಿಂತ ಬೇಸಿಗೆಯೇ ಹೆಚ್ಚು ಕೇಡು.

ರೈಲು ಮತ್ತು ದೂರವಾಣಿ ಕಲಿಸಿದ ಪಾಠ

1881ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ‘ಬೀಟ್ರಿಸ್’ ಎಂಬ ರೈಲು ಗಾಡಿಯಲ್ಲಿ ಫೋರ್ ಬ್ಯಾಟರಿಗಳಿಂದ ವಿದ್ಯುತ್ ದೀಪ ಉರಿಯಿತು. ಪ್ರತಿ ಪ್ರಯಾಣದ ಕೊನೆಯಲ್ಲಿ ಬ್ಯಾಟರಿಗಳನ್ನು ಮತ್ತೆ ತುಂಬಬೇಕಿತ್ತು. 1890ರ ದಶಕದಲ್ಲಿ ಜೆ. ಸ್ಟೋನ್ ಕಂಪನಿ ಇದಕ್ಕೆ ಉಪಾಯ ಹುಡುಕಿತು. ಗಾಡಿಯ ಅಚ್ಚಿಗೆ ಪಟ್ಟಿ ಕಟ್ಟಿ ಡೈನಮೋ ತಿರುಗಿಸಿದರೆ, ಓಡುವಾಗ ಬ್ಯಾಟರಿ ತುಂಬುತ್ತದೆ, ನಿಂತಾಗ ದೀಪಕ್ಕೆ ಕೊಡುತ್ತದೆ. ಭಾರತದ ರೈಲುಗಳೂ ಈ ಪದ್ಧತಿಯನ್ನು ಬಹುಕಾಲ ನಂಬಿದವು. 1880ರ ದಶಕದ ಕೊನೆಗೆ ಬಂದು 1990ರ ದಶಕದವರೆಗೂ ಉಳಿದಿದ್ದ ಬೆಳಗಾವಿಯ ಮೀಟರ್ ಗೇಜ್ ಹಳಿಯ ಮೇಲೆ ಓಡಾಡಿದವರಿಗೆ, ಗಾಡಿ ಯಾವುದೋ ನಿಲ್ದಾಣದಲ್ಲಿ ತಾಸುಗಟ್ಟಲೆ ನಿಂತಾಗ ಡಬ್ಬಿಯ ದೀಪ ಮಂಕಾಗುತ್ತಿದ್ದ ನೆನಪು ಇರಬಹುದು. ಅಚ್ಚು ತಿರುಗದಿದ್ದರೆ ಬ್ಯಾಟರಿಗೆ ಊಟವಿಲ್ಲ.

ದೂರವಾಣಿ ವಿನಿಮಯ ಕೇಂದ್ರಗಳ ಕಷ್ಟ ಬೇರೆ ರೀತಿಯದು. ಅಲ್ಲಿ ಬ್ಯಾಟರಿಯ ಕೆಲಸ ಕಾಯುತ್ತ ಕೂರುವುದು. ಊರಿನ ಕರೆಂಟು ಹೋದ ಕ್ಷಣದಲ್ಲಿ ಫೋನುಗಳು ಕಡಿಯದಂತೆ ನೋಡಿಕೊಳ್ಳಬೇಕು. ವರ್ಷವಿಡೀ ಕಾದು ಒಂದು ಗಳಿಗೆಗೆ ಒದಗಬೇಕಾದ ಈ ಬ್ಯಾಟರಿಗಳಿಗಾಗಿ ‘ಫ್ಲೋಟ್’ ಎಂಬ ಪದ್ಧತಿ ರೂಢಿಗೆ ಬಂತು. ಬ್ಯಾಟರಿಯನ್ನು ಚಾರ್ಜರಿನಿಂದ ಬಿಡಿಸುವುದೇ ಇಲ್ಲ; ಆದರೆ ತಾನಾಗಿ ಸವೆಯುವಷ್ಟನ್ನು ಮಾತ್ರ ತುಂಬಿಕೊಳ್ಳುವಂತೆ ಸ್ಥಿರವಾದ, ಕಡಿಮೆ ವೋಲ್ಟೇಜನ್ನು ಕೊಟ್ಟಿರುತ್ತಾರೆ. ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸುವ ಉಪಾಯವೂ 1935ರಲ್ಲಿ ಬಂದದ್ದು ದೂರವಾಣಿಯವರ ಸಂಶೋಧನಾಲಯದಿಂದಲೇ. ಅಮೆರಿಕದ ಬೆಲ್ ಪ್ರಯೋಗಾಲಯದ ಹೇರಿಂಗ್ ಮತ್ತು ಥಾಮಸ್ ಅದನ್ನು ಕಂಡುಹಿಡಿದರು. ಇಂದು ಟ್ರ್ಯಾಕ್ಟರಿಗೆ ಬರುವ ‘ಮೇಂಟೆನೆನ್ಸ್ ಫ್ರೀ’ ಬ್ಯಾಟರಿಯ ಮೂಲ ಅಲ್ಲಿದೆ.

ಹ್ಯಾಂಡಲ್ ಹೋಗಿ ಸೆಲ್ಫ್ ಬಂತು

ವಾಹನಗಳಲ್ಲಿ ಬ್ಯಾಟರಿ ಅನಿವಾರ್ಯವಾದದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ರೂಪಿಸಿದ ವಿದ್ಯುತ್ ಸ್ಟಾರ್ಟರಿನಿಂದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅಲ್ಲಿಯವರೆಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸಬೇಕಿತ್ತು. ಒಮ್ಮೊಮ್ಮೆ ಅದು ಹಿಂದಕ್ಕೆ ಒದ್ದು ಕೈ ಮುರಿಯುತ್ತಿತ್ತು. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಇಂದಿಗೂ ‘ಸೆಲ್ಫ್’ ಎಂದು ಕರೆಸಿಕೊಳ್ಳುವ ಆ ಯಂತ್ರ ಚಾಲಕನ ಕೈಯನ್ನು ಉಳಿಸಿತು, ಬದಲಿಗೆ ಅವನನ್ನು ಬ್ಯಾಟರಿಗೆ ಕಟ್ಟಿಹಾಕಿತು.

ಆ ಕಾಲದ ಅಮೆರಿಕದಲ್ಲಿ ಹಿಮ ಬಿದ್ದು ರಸ್ತೆಗಳು ಮುಚ್ಚಿದಾಗ ಅನೇಕರು ಕಾರುಗಳನ್ನು ಚಳಿಗಾಲವಿಡೀ ಮೂಲೆಗೆ ನಿಲ್ಲಿಸುತ್ತಿದ್ದರು. ಇಳಿದ ಬ್ಯಾಟರಿಯಲ್ಲಿ ಆಮ್ಲ ನೀರಾಗಿರುವುದರಿಂದ ಅದು ಹೆಪ್ಪುಗಟ್ಟಿ ಪೆಟ್ಟಿಗೆ ಒಡೆಯುವ ಭಯ ಬೇರೆ. ಹೀಗಾಗಿ 1920ರ ದಶಕದ ಬ್ಯಾಟರಿ ಅಂಗಡಿಗಳು ಚಳಿಗಾಲಕ್ಕೆ ಬ್ಯಾಟರಿಗಳನ್ನು ಇಟ್ಟುಕೊಳ್ಳುವ ಕೆಲಸವನ್ನೂ ಮಾಡುತ್ತಿದ್ದವು. ಆಮ್ಲ ಹಾಗೇ ಇಟ್ಟು ಆಗಾಗ ಚಾರ್ಜು ಮಾಡುವುದು ಒಂದು ಬಗೆ. ಬಿಚ್ಚಿ, ಆಮ್ಲ ಚೆಲ್ಲಿ, ತಗಡುಗಳನ್ನು ತೊಳೆದು ಒಣಗಿಸಿಡುವುದು ಇನ್ನೊಂದು ಬಗೆ. ಅಲ್ಲಿ ಹಿಮಗಾಲ ಮಾಡಿದ್ದನ್ನೇ ಇಲ್ಲಿ ಬೇಸಿಗೆ ಮತ್ತು ಮಳೆಗಾಲ ಮಾಡುತ್ತವೆ. ಆದರೆ ಬ್ಯಾಟರಿಯನ್ನು ಹಂಗಾಮಿನ ಮಟ್ಟಿಗೆ ಅಂಗಡಿಗೆ ಒಪ್ಪಿಸುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ.

ಭಾರತಕ್ಕೆ ಬ್ಯಾಟರಿಗಳು ಮೊದಲು ಹಡಗಿನಲ್ಲಿ ಬಂದವು. ಇಂಗ್ಲೆಂಡಿನ ಕ್ಲೋರೈಡ್ ಕಂಪನಿ 1916ರಲ್ಲಿ ಇಲ್ಲಿ ಆಮದು ವ್ಯವಹಾರ ತೆರೆಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಬಂಗಾಳದ ಶ್ಯಾಮನಗರದಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಕ್ಲೋರೈಡ್ ಇಂಡಿಯಾ ಎಂದು ಹೆಸರಾಗಿದ್ದ ಆ ಸಂಸ್ಥೆಯೇ 1995ರಲ್ಲಿ ಎಕ್ಸೈಡ್ ಇಂಡಸ್ಟ್ರೀಸ್ ಆಯಿತು. ಕಪ್ಪು ಗಟ್ಟಿ ರಬ್ಬರಿನ ಪೆಟ್ಟಿಗೆ, ಮೇಲೆ ಡಾಂಬರಿನ ಮುಚ್ಚು, ಹೊರಗೆ ಕಾಣುವ ಸೀಸದ ಪಟ್ಟಿಗಳಿದ್ದ ಹಳೆಯ ಬ್ಯಾಟರಿಗಳ ಒಂದು ಗುಣವೆಂದರೆ, ಕೆಟ್ಟ ಕೋಶವನ್ನಷ್ಟೇ ಡಾಂಬರು ಕರಗಿಸಿ ಬಿಚ್ಚಬಹುದಿತ್ತು. ಪ್ಲಾಸ್ಟಿಕ್ ಪೆಟ್ಟಿಗೆ ಬಂದ ಮೇಲೆ ಆ ಕಸುಬು ನಶಿಸಿತು. ಈಗ ಒಂದು ಕೋಶ ಸತ್ತರೆ ಇಡೀ ಬ್ಯಾಟರಿ ಗುಜರಿಗೆ.

ರೇಡಿಯೋದಿಂದ ರಾಮಾಯಣದವರೆಗೆ

ಹಳ್ಳಿಗಳಿಗೆ ಬ್ಯಾಟರಿ ಪರಿಚಯವಾದದ್ದು ವಾಹನಗಳಿಂದ ಮಾತ್ರವಲ್ಲ. ವಿದ್ಯುತ್ ಇಲ್ಲದ ಊರುಗಳಲ್ಲಿ ರೇಡಿಯೋ ನಡೆಯುತ್ತಿದ್ದುದು ಬ್ಯಾಟರಿಯ ಮೇಲೆ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದಾಗ ಬೆಳಗಾವಿ ಜಿಲ್ಲೆಯ ಬಹುಪಾಲು ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ. ಸೀಸದ ಬ್ಯಾಟರಿ ಇಳಿದರೆ ಅದನ್ನು ಪಟ್ಟಣಕ್ಕೆ ಹೊತ್ತು ತಂದು, ಚಾರ್ಜು ಮಾಡಿಸಿ, ಮತ್ತೆ ಊರಿಗೆ ಒಯ್ಯಬೇಕು. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ಆ ಹೊರೆಯನ್ನು ಇಳಿಸಿತು.

1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ವೂ ಅದರ ಬೆನ್ನಿಗೆ 1988ರಲ್ಲಿ ‘ಮಹಾಭಾರತ’ವೂ ಆರಂಭವಾದಾಗ ಬ್ಯಾಟರಿಗೆ ಮತ್ತೆ ಬೇಡಿಕೆ ಬಂತು. ದೇಶದ ಎಷ್ಟೋ ಹಳ್ಳಿಗಳಲ್ಲಿ ಭಾನುವಾರ ಬೆಳಿಗ್ಗೆ ಕರೆಂಟು ಕೈಕೊಟ್ಟರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಕಪ್ಪು-ಬಿಳುಪು ಟಿ.ವಿ.ಗೆ ಜೋಡಿಸುತ್ತಿದ್ದರು. ಧಾರಾವಾಹಿ ಮುಗಿದ ಮೇಲೆ ಅರೆ ಇಳಿದ ಬ್ಯಾಟರಿಯನ್ನು ಹಾಗೇ ಮರಳಿ ಕೂರಿಸಿದರೆ, ಮುಂದೆ ಟ್ರ್ಯಾಕ್ಟರು ಓಡುವವರೆಗೆ ಅದು ಇಳಿದೇ ಇರುತ್ತಿತ್ತು.

ಚಕ್ಕಡಿಯಿಂದ ಟ್ರೇಲರಿಗೆ

ಬೆಳಗಾವಿ ಯಂತ್ರಗಳಿಗೆ ಹೊಸ ಊರಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ್ದು ಇಲ್ಲಿಯೇ. 1910ರಲ್ಲಿ ಈಗಿನ ಕಿರ್ಲೋಸ್ಕರವಾಡಿಗೆ ಹೋಗುವ ಮೊದಲು ಅವರು ಮಾಡಿದ ಆರಂಭದ ಸಾಮಾನುಗಳಲ್ಲಿ ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ಇದ್ದವು. ಎರಡೂ ಎತ್ತನ್ನು ನಂಬಿದ ಬೇಸಾಯಕ್ಕೆ ಬೇಕಾದವು.

1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. 1970ರ ದಶಕದಲ್ಲಿ ಘಟಪ್ರಭಾ, ಮಲಪ್ರಭಾ ಜಲಾಶಯಗಳ ನೀರು ಹರಿದ ಮೇಲೆ ಕಬ್ಬು ವಿಸ್ತರಿಸಿತು. ಇಂದು ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ಬೆಳಗಾವಿಯಲ್ಲಿಯೇ. ಕಬ್ಬು ಹೊರುವ ಚಕ್ಕಡಿಗಳ ಜಾಗವನ್ನು ಟ್ರ್ಯಾಕ್ಟರ್-ಟ್ರೇಲರುಗಳು ಹಿಡಿದವು.

ಎತ್ತು ಕಟ್ಟಿದವನಿಗೆ ಒಂದು ಸಂಗತಿ ಯಾರೂ ಹೇಳಿಕೊಡಬೇಕಿರಲಿಲ್ಲ. ಕೆಲಸವಿರಲಿ ಬಿಡಲಿ, ಎತ್ತಿಗೆ ಮೇವು-ನೀರು ತಪ್ಪಿಸುವಂತಿಲ್ಲ. ಟ್ರ್ಯಾಕ್ಟರಿನ ದೊಡ್ಡ ಆಕರ್ಷಣೆಯೇ ಅದು ನಿಂತಾಗ ಏನನ್ನೂ ಕೇಳುವುದಿಲ್ಲ ಎಂಬುದು. ಡೀಸೆಲ್ ಕೇಳುವುದಿಲ್ಲ, ನಿಜ. ಆದರೆ ಅದರೊಳಗಿನ ಒಂದು ಭಾಗ ಎತ್ತಿನಂತೆಯೇ ಬಿಡುವಿನಲ್ಲೂ ಮೇವು ಬೇಡುತ್ತದೆ ಎಂಬುದನ್ನು ಟ್ರ್ಯಾಕ್ಟರಿನ ಜೊತೆ ಯಾರೂ ಒತ್ತಿ ಹೇಳಲಿಲ್ಲ.

ಇದರ ಬೆಲೆ ಹೊಸ ಬ್ಯಾಟರಿಯ ಖರ್ಚಿನಲ್ಲಿ ಮುಗಿಯುವುದಿಲ್ಲ. ಸಾಮಾನ್ಯವಾಗಿ ಟ್ರೇಲರಿಗೆ ಸ್ವಂತ ಬ್ಯಾಟರಿ ಇರುವುದಿಲ್ಲ. ಅದರ ಹಿಂದಿನ ಕೆಂಪು ದೀಪಕ್ಕೂ, ತಿರುವಿನ ದೀಪಕ್ಕೂ ಟ್ರ್ಯಾಕ್ಟರಿನಿಂದಲೇ ತಂತಿ ಹೋಗಬೇಕು. ಇಂಜಿನ್ ಓಡುವಾಗ ಆಲ್ಟರ್ನೇಟರ್ ಕರೆಂಟು ಕೊಡುತ್ತದೆ. ಆದರೆ ಕಾರ್ಖಾನೆಯ ಮುಂದೆ ರಾತ್ರಿಯಿಡೀ ಸಾಲಿನಲ್ಲಿ ನಿಂತಾಗ, ಚಕ್ರ ಕೆಟ್ಟು ಹೆದ್ದಾರಿಯ ಅಂಚಿನಲ್ಲಿ ನಿಂತಾಗ ಉರಿಯಬೇಕಾದದ್ದು ಬ್ಯಾಟರಿಯ ಬಲದಿಂದ. ಸತ್ತ ಬ್ಯಾಟರಿಯನ್ನು ಹಾಗೇ ಇಟ್ಟುಕೊಂಡು, ತಳ್ಳಿ ಚಾಲೂ ಮಾಡಿ ಹಂಗಾಮು ಕಳೆಯುವವರ ಟ್ರೇಲರು ಕತ್ತಲಲ್ಲಿ ಕಬ್ಬಿನ ಗುಡ್ಡೆಯಾಗಿ ನಿಂತಿರುತ್ತದೆ. ಹಿಂದಿನಿಂದ ಬರುವ ಬೈಕ್ ಸವಾರನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆ. ಪ್ರತಿಫಲಕದ ಪಟ್ಟಿ ಅಂಟಿಸುವುದು ಅಗತ್ಯ. ಆದರೆ ಅದು ದೀಪದ ಬದಲಿಯಲ್ಲ.

ಬಿಡುವಿನ ಮೇವು

ಹಾಗಾದರೆ ಮಾಡಬೇಕಾದದ್ದೇನು? ದೂರವಾಣಿಯವರು ಕಲಿತ ಪಾಠವನ್ನೇ ಕೊಟ್ಟಿಗೆಗೆ ತಂದರೆ ಸಾಕು.

ಮೊದಲನೆಯದು, ವಾಹನವನ್ನು ನಿಲ್ಲಿಸುವ ಮೊದಲು ಬ್ಯಾಟರಿಯನ್ನು ಪೂರ್ತಿ ತುಂಬಿಸಬೇಕು. ಇಳಿದದ್ದನ್ನು ಇಟ್ಟರೆ ಹರಳು ಕಟ್ಟಲು ಮೊದಲ ದಿನವೇ ಆರಂಭ. ಎರಡನೆಯದು, ತಂತಿ ಬಿಚ್ಚಬೇಕು. ಮೊದಲು ಋಣ, ಅಂದರೆ ಮೈನಸ್ ಕಡೆಯದು. ಗಡಿಯಾರ, ಟೇಪ್, ಜಿ.ಪಿ.ಎಸ್. ಮುಂತಾದವು ಕೀಲಿ ತೆಗೆದ ಮೇಲೂ ಹನಿ ಹನಿಯಾಗಿ ಕರೆಂಟು ಕುಡಿಯುತ್ತವೆ. ಮೇಲ್ಮೈಯ ಧೂಳು, ಆಮ್ಲದ ಪಸೆಯೂ ಎರಡು ತುದಿಗಳ ನಡುವೆ ದಾರಿಯಾಗುವುದರಿಂದ ಒರೆಸಿಡಬೇಕು. ನೀರು ಹಾಕುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಸಲ್ಲುತ್ತದೆ. ಬೋರಿನ ನೀರಿನ ಲವಣಗಳು ಸವೆತವನ್ನು ಹೆಚ್ಚಿಸುತ್ತವೆ.

ಮೂರನೆಯದು, ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡುವುದು. ಕೆಲವು ತಾಸು ಸುಮ್ಮನೆ ಬಿಟ್ಟ 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸಿದರೆ ತುಂಬಿದೆ ಎಂದರ್ಥ. 12.4ಕ್ಕಿಂತ ಕೆಳಗಿಳಿದರೆ ಚಾರ್ಜು ಮಾಡಲೇಬೇಕು. 12ಕ್ಕೆ ಬಂದರೆ ಬಹುಪಾಲು ಬರಿದಾಗಿದೆ. ವಾರಕ್ಕೊಮ್ಮೆ ಐದು ನಿಮಿಷ ಇಂಜಿನ್ ಓಡಿಸಿದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಇಳಿದ ಬ್ಯಾಟರಿ ತುಂಬಲು ಹಲವು ತಾಸು ಬೇಕು. ಐದು ನಿಮಿಷದಿಂದ ಅದರ ಹಸಿವು ತೀರದು.

ಕರೆಂಟಿನ ಸೌಕರ್ಯವಿರುವವರು ಫ್ಲೋಟ್ ಪದ್ಧತಿಯ ಚಾರ್ಜರನ್ನು ಹಚ್ಚಿಯೇ ಇಡಬಹುದು. ಅದು ಬ್ಯಾಟರಿ ತುಂಬಿದ ಮೇಲೆ ತಾನಾಗಿ 13.2ರಿಂದ 13.8 ವೋಲ್ಟಿನ ಒಳಗೆ ಇಳಿಯುತ್ತದೆ. ಗ್ಯಾರೇಜಿನ ಹಳೆಯ ಮಾದರಿಯ ಚಾರ್ಜರನ್ನು ಮಾತ್ರ ಹಾಗೆ ಬಿಡಬಾರದು. ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಒಳಗಿನ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತಲೇ ಹೋಗುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಚಾರ್ಜಿಗಿಟ್ಟ ಬ್ಯಾಟರಿಯ ಹತ್ತಿರ ಬೀಡಿ, ದೀಪ ಸಲ್ಲದು; ಗಾಳಿಯಾಡುವ ಜಾಗ ಬೇಕು. ಕರೆಂಟಿಲ್ಲದ ಹೊಲದ ಮನೆಗೆ 5-10 ವ್ಯಾಟಿನ ಸಣ್ಣ ಸೌರ ಫಲಕ, ಅದಕ್ಕೊಂದು ನಿಯಂತ್ರಕ ಸಾಕು. ಮಳೆಗಾಲದ ಮೋಡದಲ್ಲಿ ಅದು ಕೊಡುವುದು ಸ್ವಲ್ಪವೇ. ಬೇಕಾಗಿರುವುದೂ ಸ್ವಲ್ಪವೇ.

ಇನ್ನೊಂದು ನಂಬಿಕೆ, ನೆಲದ ಮೇಲಿಟ್ಟರೆ ಕರೆಂಟು ಭೂಮಿಗೆ ಇಳಿಯುತ್ತದೆ ಎಂಬುದು. ಕಟ್ಟಿಗೆಯ ಪೆಟ್ಟಿಗೆಯ ಕಾಲದಲ್ಲಿ, ಪಸೆ ಹಿಡಿದ ನೆಲದ ಮೇಲೆ, ಅದರಲ್ಲಿ ಸ್ವಲ್ಪ ಅರ್ಥವಿತ್ತು. ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಕರೆಂಟು ನೆಲಕ್ಕೆ ಹೋಗುವುದಿಲ್ಲ. ಹಲಗೆಯ ಮೇಲಿಟ್ಟ ಬ್ಯಾಟರಿಯೂ ನೆಲದ ಮೇಲಿಟ್ಟದ್ದೂ ಒಂದೇ ವೇಗದಲ್ಲಿ ಇಳಿಯುತ್ತವೆ. ಹಲಗೆ ಹಾಕಿ ನಿಶ್ಚಿಂತರಾದವರು ಚಾರ್ಜು ಮಾಡುವುದನ್ನೇ ಮರೆಯುವುದು ಈ ನಂಬಿಕೆಯಿಂದಾಗುವ ಹಾನಿ.

ಸೀಸದ ಲೆಕ್ಕ

ಹೀಗೆ ಅಕಾಲದಲ್ಲಿ ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂಬುದು ಕೊನೆಯ ಪ್ರಶ್ನೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸಕ್ಕೆ ಯಾವಾಗಲೂ ಬೆಲೆಯಿದೆ, ಮತ್ತೆ ಮತ್ತೆ ಕರಗಿಸಿ ಹೊಸ ಬ್ಯಾಟರಿ ಮಾಡಬಹುದು. ಮರುಬಳಕೆಯ ಲೆಕ್ಕದಲ್ಲಿ ಇದಕ್ಕೆ ಸಾಟಿಯಾಗುವ ವಸ್ತುಗಳು ಕಡಿಮೆ. ತೊಂದರೆ ಇರುವುದು ಕರಗಿಸುವ ರೀತಿಯಲ್ಲಿ. ಹೊಗೆ-ಧೂಳು ಹಿಡಿಯುವ ವ್ಯವಸ್ಥೆಯಿರುವ ಕಾರ್ಖಾನೆಗೆ ಹೋದರೆ ಸರಿ. ಕೊಡಲಿಯಿಂದ ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ತೆರೆದ ಒಲೆಯಲ್ಲಿ ಸೀಸ ಕರಗಿಸುವ ಮರೆಯ ಶೆಡ್ಡುಗಳಿಗೆ ಹೋದರೆ ಅದರ ಧೂಳು ಸುತ್ತಲಿನ ಮಣ್ಣಿಗೆ, ಅಲ್ಲಿಂದ ಆಡುವ ಮಕ್ಕಳ ಕೈಗೆ, ಬಾಯಿಗೆ.

ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಬಗ್ಗೆ ದೇಶವನ್ನು ಎಚ್ಚರಿಸಿದವರಲ್ಲಿ ಪ್ರಮುಖರು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಪೆಟ್ರೋಲಿನಲ್ಲಿ ಸೀಸ ನಿಂತಿತು. ಬ್ಯಾಟರಿಯ ಸೀಸ ಉಳಿಯಿತು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಆತಂಕದ ಮಟ್ಟದಲ್ಲಿದೆ. ಭಾರತದಲ್ಲಿ ಅಂಥ ಮಕ್ಕಳ ಸಂಖ್ಯೆ ಸುಮಾರು 27.5 ಕೋಟಿ. ಬ್ಯಾಟರಿಗಳನ್ನು ಅಡ್ಡಾದಿಡ್ಡಿ ಒಡೆಯುವುದು ಅದರ ಮುಖ್ಯ ಕಾರಣಗಳಲ್ಲೊಂದು ಎಂದು ವರದಿ ಹೇಳಿತು. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ಮರಳಿ ಪಡೆದು ನೋಂದಾಯಿತ ಘಟಕಗಳಿಗೆ ಕಳಿಸಬೇಕೆಂಬ ನಿಯಮ 2001ರಲ್ಲಿ ಬಂತು. 2022ರ ಹೊಸ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ನಿಯಮದ ಪಾಲನೆ ಸರ್ಕಾರದ ಮತ್ತು ಕಂಪನಿಗಳ ಕೆಲಸ. ಆದರೆ ಎರಡು ವರ್ಷಕ್ಕೆ ಸಾಯುವ ಬ್ಯಾಟರಿ ನಾಲ್ಕು ವರ್ಷ ಬಾಳಿದರೆ, ಅದೇ ಟ್ರ್ಯಾಕ್ಟರಿನ ಹೆಸರಿನಲ್ಲಿ ಕರಗುವ ಸೀಸ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ ಯಾವ ಕಾನೂನೂ ಬೇಡ. ತಿಂಗಳಿಗೊಮ್ಮೆ ಒಂದು ಮೀಟರು, ಒಂದು ರಾತ್ರಿಯ ಚಾರ್ಜು, ಬಿಚ್ಚಿಟ್ಟ ಒಂದು ತಂತಿ ಸಾಕು. ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಹೋಳಿಗೆ ತಿನ್ನಿಸುವ ನಾಡಿನಲ್ಲಿ ಇದು ದೊಡ್ಡ ಮಾತೇನೂ ಆಗಬಾರದು.